ಸಾಂದ್ರತೆಯ ಏರಿಳಿತಕ್ಕೆ ನನ್ನ ಓಟು ವಿಂಡ್ ನೌಕೆಗೇ

ಸೂರ್ಯನಿಂದ ಹೊಮ್ಮುವ ವಿದ್ಯುದಾವಿಷ್ಟ ಕಣಗಳ ಹರಿವೇ ಸೌರಮಾರುತ. ಅದರ ಸಾಂದ್ರತೆ ಹೇಗೆ ಏರಿಳಿಯುತ್ತದೆಂದು ನೋಡಲು ನಾವು ಪಾರ್ಕರ್, ವಿಂಡ್ ಎಂಬ ನಾಸಾ ನೌಕೆಗಳ ದತ್ತಾಂಶ ಇಳಿಸಿಕೊಳ್ಳುತ್ತೇವೆ. ಪುಣೆಗೆ ಹೊಸದಾಗಿ ಬಂದ ಧಾರವಾಡದ ಜೂನಿಯರ್ ಒಬ್ಬಳು ಕೇಳಿದಳು: "ಅಕ್ಕಾ, ಮೊದಲ ಪಾರ್ಕರ್ ಇಳಿಸಲೇನ್ರಿ?" ಬೇಡ, ಮೊದಲು ವಿಂಡ್ ಇಳಿಸು ಅಂದೆ. 1994ರಲ್ಲಿ ಹಾರಿದ್ದು, ಹಳೇದು ಅಂತ ಮೂಗು ಮುರಿಯಬೇಕಿಲ್ಲ. ಪಾರ್ಕರ್ ದತ್ತಾಂಶಕ್ಕೆಂದೇ ನಾನು ತಪಕೀರ್ ಗಲ್ಲಿಯಲ್ಲಿ ಕೊಂಡ ಹಾರ್ಡ್‌ಡಿಸ್ಕ್ ತುಂಬ ಈಗ ವಿಂಡ್ ಕಡತಗಳೇ ಇವೆ.

ಪಾರ್ಕರ್ 2024ರ ಡಿಸೆಂಬರ್ 24ರಂದು ಸೂರ್ಯನಿಂದ ಸುಮಾರು 61 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಅಲ್ಲಿ ಶಾಖಕವಚವಿಲ್ಲದೆ ಉಳಿಗಾಲವಿಲ್ಲ. ಆದರೆ ಪ್ರೋಟಾನ್ ಎಣಿಸುವ ಸ್ಪ್ಯಾನ್ ಉಪಕರಣ ಇರುವುದು ಆ ಕವಚದ ಹಿಂದೆ. ಸೂರ್ಯನ ಕಡೆಯಿಂದ ನೇರ ಬರುವ ಕಣಗಳಲ್ಲಿ ಒಂದಷ್ಟು ಅದಕ್ಕೆ ಕಾಣುವುದೇ ಇಲ್ಲ. ನೌಕೆ ಸೂರ್ಯನ ತೀರ ಹತ್ತಿರ ವೇಗವಾಗಿ ಓಡುವಾಗ ಕಣಗಳು ಓರೆಯಾಗಿ ಬಂದು ನೋಟಕ್ಕೆ ಸಿಗುತ್ತವೆ. ದೂರ ಸರಿದಂತೆ ಮತ್ತೆ ಮರೆಯಾಗುತ್ತವೆ.

ಎಣಿಕೆಯ ಸರಾಸರಿ ಮಾತ್ರ ಕಡಿಮೆಯಾಗಿದ್ದರೆ ಹೇಗೋ ಸರಿಪಡಿಸಿಕೊಳ್ಳಬಹುದಿತ್ತು. ತೊಡಕಿರುವುದು ಏರಿಳಿತದಲ್ಲೇ. ಸೌರಮಾರುತದ ಪ್ರಕ್ಷುಬ್ಧತೆಯಲ್ಲಿ ದೊಡ್ಡ ಪಾಲು ಆಲ್ಫ್ವೆನ್ ಅಲೆಗಳ ಬಗೆಯದು: ಕಾಂತಕ್ಷೇತ್ರ ಓಲಾಡಿದಂತೆ ಕಣಗಳ ಹರಿವೂ ಅತ್ತಿತ್ತ ತಿರುಗುತ್ತದೆ, ಸಾಂದ್ರತೆ ಬಹುಮಟ್ಟಿಗೆ ಹಾಗೇ ಇರುತ್ತದೆ. ಹರಿವು ತಿರುಗಿ ಕವಚದ ಮರೆಗೆ ಹೋಯಿತೆನ್ನಿ, ಎಣಿಕೆ ಕುಸಿಯುತ್ತದೆ. ಪ್ಲಾಸ್ಮಾ, ಅಂದರೆ ಆ ವಿದ್ಯುದಾವಿಷ್ಟ ಕಣಗಳ ಅನಿಲ, ಒಂದಿಷ್ಟೂ ಹಿಗ್ಗಿರುವುದಿಲ್ಲ. ಗ್ರಾಫಿನಲ್ಲಿ ಮಾತ್ರ ಸಾಂದ್ರತೆ ಇಳಿದಿರುತ್ತದೆ, ಅದೂ ಕಾಂತಕ್ಷೇತ್ರದ ತಿರುವಿಗೆ ಸರಿಯಾಗಿ. ನಾವು ಹುಡುಕುವ ನಿಜವಾದ ಸಂಪೀಡನ, ಅಂದರೆ ಪ್ಲಾಸ್ಮಾ ಒತ್ತಿ ಹಿಗ್ಗುವುದು, ಏರಿಳಿತಗಳ ಒಟ್ಟು ಶಕ್ತಿಯಲ್ಲಿ ಸಣ್ಣ ಪಾಲು. ಈ ಹುಸಿ ಇಳಿತ ಅದನ್ನು ನುಂಗಿಬಿಡುತ್ತದೆ.

ಅದೇ ನೌಕೆಯ ಆಂಟೆನಾ ಹಿಡಿಯುವ ಪ್ಲಾಸ್ಮಾದ ರೇಡಿಯೋ ಗದ್ದಲದಿಂದ ಎಲೆಕ್ಟ್ರಾನ್ ಸಾಂದ್ರತೆ ತೆಗೆಯಬಹುದು. ಅದನ್ನು ನಂಬುತ್ತೇನೆ. ಆದರೆ ಕೆಲವು ಸೆಕೆಂಡುಗಳಿಗೊಮ್ಮೆ ಸಿಗುವ ಅಳತೆ, ಸೂರ್ಯನ ಹತ್ತಿರದ ಚುರುಕಿನ ಏರಿಳಿತಕ್ಕೆ ಸಾಲದು.

ವಿಂಡ್‌ಗೆ ಈ ಕಾಟವಿಲ್ಲ. 3 ಸೆಕೆಂಡಿಗೊಂದು ಸುತ್ತು ತಿರುಗುತ್ತ ಎಲ್ಲ ದಿಕ್ಕನ್ನೂ ನೋಡುತ್ತದೆ. ನಿಧಾನಗತಿಯ ಮಾರುತದ ಒಂದು ತುಣುಕು ತೆಗೆದು, ಸಾಂದ್ರತೆಯನ್ನೂ ಕಾಂತಕ್ಷೇತ್ರದ ಬಲವನ್ನೂ ಒಂದೇ ಗ್ರಾಫಿನಲ್ಲಿ ಹಾಕಿದೆ. ಒಂದು ಏರಿದಲ್ಲಿ ಇನ್ನೊಂದು ಇಳಿದಿತ್ತು. ಕಣಗಳ ಒತ್ತಡವೂ ಕಾಂತಕ್ಷೇತ್ರದ ಒತ್ತಡವೂ ಸಮತೋಲದಲ್ಲಿರುವ ರಚನೆಗಳ, ಸ್ಲೋ ಮೋಡ್ ಎಂಬ ನಿಧಾನ ಅಲೆಯ ಗುರುತು ಅದು. ಎರಡೂ ಒಟ್ಟಿಗೆ ಏರಿದ್ದರೆ ಫಾಸ್ಟ್ ಮೋಡ್, ಅಂದರೆ ವೇಗದ ಅಲೆ, ಅನ್ನಬೇಕಿತ್ತು. ಕಣ್ಣಿಗೇ ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ!

ಆದಿತ್ಯ-ಎಲ್1 ನಮ್ಮದು, ನಿಂತಿರುವ ಜಾಗವೂ ಚೆನ್ನ. ಆದರೆ 2024ರಿಂದೀಚಿನ ದಾಖಲೆಯಲ್ಲಿ 11 ವರ್ಷದ ಪೂರ್ತಿ ಸೌರಚಕ್ರ ಸಿಗುವುದಿಲ್ಲ.

ಪಾಷಾಣ್‌ನ ಬಾಡಿಗೆ ರೂಮಿನಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿ ಕೆಲಸ ಮಾಡುವ ನನ್ನಂಥವರಿಗೆ ವಿಂಡ್ ಸಾಕು. ಸೂರ್ಯನ ಹತ್ತಿರದ ಕಾಂತಕ್ಷೇತ್ರವೇ ಬೇಕೆಂದರೆ ಪಾರ್ಕರ್ ಇಳಿಸಿ. ಸ್ಪ್ಯಾನ್ ಸಾಂದ್ರತೆಯನ್ನು ಮಾತ್ರ ರೇಡಿಯೋ ಸಾಂದ್ರತೆಯ ಜೊತೆ ತಾಳೆ ನೋಡದೆ ಮುಟ್ಟಬೇಡಿ.