ಹಳೆಯ ಕಾರು ಸ್ಟಾರ್ಟ್ ಆಗದಿದ್ದಾಗ ನೆರವಾಗುವ ಡಿಜಿಟಲ್ ಮಲ್ಟಿಮೀಟರ್: ಒಂದು ವಿಮರ್ಶೆ

ಹಳೆಯ ಕಾರು ಸೆಲ್ಫ್ ತೆಗೆದುಕೊಳ್ಳದಿದ್ದರೆ ಬಹಳ ಜನ ನೇರವಾಗಿ ಹೊಸ ಬ್ಯಾಟರಿ ಕೊಳ್ಳಲು ಹೊರಡುತ್ತಾರೆ. ಆ ಖರ್ಚು ನಿಜವಾಗಿಯೂ ಅಗತ್ಯವೇ ಎಂಬುದನ್ನು ತಿಳಿಯಲು ವೋಲ್ಟೇಜ್, ಕರೆಂಟ್ ಮುಂತಾದವನ್ನು ಅಳೆದು ಅಂಕಿಯಲ್ಲಿ ತೋರಿಸುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಸಾಕು ಎಂಬುದು ಅದನ್ನು ಬಳಸುತ್ತ ಬಂದಿರುವ ನನ್ನ ಅಭಿಪ್ರಾಯ.

ಕೆಲವು ಗಂಟೆ ನಿಂತಿರುವ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ಣ ಚಾರ್ಜ್ ಆಗಿದೆಯೆಂದೂ, 12.2ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ ಖಾಲಿಯಾಗಿದೆಯೆಂದೂ ತಿಳಿಯಬಹುದು. ಆದರೆ ಒಳಗೆ ಸವೆದ ಬ್ಯಾಟರಿಯೂ ಸುಮ್ಮನಿದ್ದಾಗ ಒಳ್ಳೆಯ ಅಂಕಿಯನ್ನೇ ತೋರಿಸಿ, ಸೆಲ್ಫ್ ಹೊಡೆದ ಕೂಡಲೇ ಕುಸಿಯುವುದುಂಟು. ಪೂರ್ಣ ಚಾರ್ಜ್ ಇದ್ದೂ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಸಂಶಯಿಸಲು ಕಾರಣವಿದೆ.

ಈ ಉಪಕರಣದ ನಿಜವಾದ ಬೆಲೆ ತಿಳಿಯುವುದು ಕೇಬಲ್‌ಗಳನ್ನು ಪರೀಕ್ಷಿಸುವಾಗ. ಮೀಟರಿನ ಒಂದು ಪ್ರೋಬನ್ನು, ಅಂದರೆ ವೈರಿನ ತುದಿಯ ಲೋಹದ ಮೊನೆಯನ್ನು, ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆಯೇ, ಅಂದರೆ ಕ್ಲಾಂಪಿನ ಮೇಲಲ್ಲದೆ ಸೀಸದ ಮೇಲೆಯೇ ಒತ್ತಿ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದಾಗ ಮೀಟರ್ ಸುಮಾರು 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ, ನೆಗೆಟಿವ್ ಕಂಬವನ್ನು ಎಂಜಿನ್ನಿಗೆ ಸೇರಿಸುವ ಅರ್ತ್ ಕೇಬಲ್ಲಿನಲ್ಲೋ ಅದರ ಜೋಡಣೆಯಲ್ಲೋ ತುಕ್ಕು ಅಥವಾ ಸಡಿಲಿಕೆ ಇರುತ್ತದೆ. ಹೀಗೆಯೇ ಅಳೆದಾಗ ಪಾಸಿಟಿವ್ ಕಂಬದಿಂದ, ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರಿನ ದಪ್ಪ ಟರ್ಮಿನಲ್‌ವರೆಗಿನ ವೋಲ್ಟೇಜ್ ಇಳಿಕೆ 0.5 ವೋಲ್ಟ್ ಮೀರಬಾರದು. ಇಲ್ಲಿ ವೈರು ತುಂಡಾಗಿಲ್ಲವೆಂದು ಬೀಪ್ ಮಾಡಿ ತಿಳಿಸುವ ಕಂಟಿನ್ಯುಟಿ ಪರೀಕ್ಷೆಯನ್ನು ನಂಬಲೇಬಾರದು: ನಾಲ್ಕೇ ಎಳೆ ಉಳಿದ ಕೇಬಲ್ಲೂ ಬೀಪ್ ಎನ್ನುತ್ತದೆ, ಸ್ಟಾರ್ಟರಿಗೆ ಬೇಕಾದ ನೂರಾರು ಆಂಪಿಯರ್ ಹೊರಲಾರದು. ಟರ್ಮಿನಲ್ ಉಜ್ಜಿ ಬಿಗಿಗೊಳಿಸಿದ ಮಾತ್ರಕ್ಕೆ ಸರಿಹೋಗುವ ಕಾರುಗಳಿಗೆ ಹೊಸ ಬ್ಯಾಟರಿ ಹಾಕಿಸುವುದು ನನಗೆ ಬಹಳ ಬೇಸರದ ಸಂಗತಿ.

ಕೊರತೆಗಳೂ ಇವೆ. ಅಗ್ಗದ ಮೀಟರ್‌ಗಳ ಪರದೆ ನಿಧಾನವಾಗಿ ಬದಲಾಗುವುದರಿಂದ ಕ್ಷಣಮಾತ್ರದ ಕುಸಿತ ತಪ್ಪಿಹೋಗುತ್ತದೆ. ಕನಿಷ್ಠ ಮತ್ತು ಗರಿಷ್ಠ ಅಂಕಿಯನ್ನು ಹಿಡಿದಿಡುವ ಸೌಲಭ್ಯವಿರುವುದನ್ನೇ ಆರಿಸುವುದು ಒಳಿತು. ಕರೆಂಟ್ ಅಳೆಯುವ ಭಾಗದ ಮಿತಿ ಸಾಮಾನ್ಯವಾಗಿ 10 ಆಂಪಿಯರ್ ಆದ್ದರಿಂದ, ಮೀಟರನ್ನು ಸ್ಟಾರ್ಟರ್ ಮಾರ್ಗದ ನಡುವೆ ಸೇರಿಸಿ ಸೆಲ್ಫ್ ಹೊಡೆಯಕೂಡದು. ಪರೀಕ್ಷೆಗೆ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ವೈರುಗಳು ಫ್ಯಾನ್ ಬೆಲ್ಟಿನಿಂದ ದೂರವಿರಲಿ.

ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ತೊಂದರೆ ಇಂಧನದಲ್ಲೋ ಸ್ಪಾರ್ಕಿನಲ್ಲೋ ಇರುವ ಸಾಧ್ಯತೆ ಹೆಚ್ಚು, ಅಲ್ಲಿ ಈ ಮೀಟರಿನ ನೆರವು ಅಲ್ಪವೇ.