ಕಬ್ಬಿಣದ ಪಟ್ಟಿಯ ಆಟದ ಸೆಟ್: ಪಟ್ಟಿ ಗಟ್ಟಿ, ನಟ್ಟು ಪೊಳ್ಳು

ಅಕ್ಕನ ಮಗನಿಗೆ ಅಂತ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ತಗೊಂಡ ಸೆಟ್ ಇದು. ಸಾಲು ತೂತಿನ ಕಬ್ಬಿಣದ ಪಟ್ಟಿಗಳು, ಪುಟಾಣಿ ಬೋಲ್ಟು ನಟ್ಟು, ನಾಲ್ಕು ಗಾಲಿ, ತಗಡಿನ ಒಂದು ಸ್ಪ್ಯಾನರ್. ಬೆಲೆ 900 ರೂಪಾಯಿ ಆಸುಪಾಸು. ಕಂಪನಿ ಹೆಸರು ಬರೆಯಲ್ಲ. ಇದರ ಅಣ್ಣತಮ್ಮಂದಿರು ಬೇರೆ ಬೇರೆ ಹೆಸರಲ್ಲಿ ಎಲ್ಲಾ ಅಂಗಡಿಯಲ್ಲೂ ಕೂತಿದ್ದಾರೆ. ನಾನು ಕಾಫಿ ಪಲ್ಪರ್, ಸ್ಪ್ರೇಯರ್ ರಿಪೇರಿ ಮಾಡೋ ಫಿಟ್ಟರ್. ಡಬ್ಬಿ ಮೇಲಿನ ಕ್ರೇನ್ ಚಿತ್ರಕ್ಕೆ ಹುಡುಗ ಮರುಳಾದ, ನಾನು ಅದರ ಕೀಲುಗಳನ್ನ ನೋಡ್ತಾ ನಿಂತೆ.

ಪಟ್ಟಿಗಳಿಗೆ ಪೂರ್ತಿ ಮಾರ್ಕು. ಅಂಚು ಉಜ್ಜಿ ನುಣುಪು ಮಾಡಿದ್ದಾರೆ, ಬೆರಳು ಕುಯ್ಯಲ್ಲ. ಎರಡು ಪಟ್ಟಿ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಈ ತುದಿಯಿಂದ ಆ ತುದಿವರೆಗೂ ತೂತಿಗೆ ತೂತು ಕೂಡುತ್ತೆ. ಈ ಲೆಕ್ಕ ಹಾಕಿಕೊಟ್ಟವನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. 1901ರಲ್ಲಿ ಪೇಟೆಂಟ್ ತಗೊಂಡ, 1907ರಲ್ಲಿ ಮೆಕ್ಯಾನೋ ಅನ್ನೋ ಹೆಸರು ನೋಂದಾಯಿಸಿದ. ಅವನ ಪಟ್ಟಿಯಲ್ಲಿ ತೂತಿಂದ ತೂತಿಗೆ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್. ಈಗ ಸಿಗೋ ಪಟ್ಟಿ ಸೆಟ್‌ಗಳೆಲ್ಲ ಆ ವಂಶದವೇ.

ನಟ್ಟಿನ ವಿಷಯಕ್ಕೆ ಬಂದರೆ ಕಂಪನಿಯವರು ಜಿಪುಣತನ ಮಾಡಿದ್ದಾರೆ. ಚೂರು ಬಿಗಿ ಮಾಡಿದರೆ ತ್ರೆಡ್ ಕಿತ್ತು ನಟ್ಟು ಸುಮ್ಮನೆ ಸುತ್ತುತ್ತೆ. ಸ್ಪ್ಯಾನರ್ ಅಂತೂ ನಟ್ಟಿಗಿಂತ ಮೊದಲು ತಾನೇ ಬಾಗುತ್ತೆ!

ಹುಡುಗ ಪುಸ್ತಕ ನೋಡಿಕೊಂಡೇ ಕ್ರೇನ್ ಕಟ್ಟಿದ. ತೋಳು ಎತ್ತಿದ್ದೇ ತಡ, ಪಕ್ಕಕ್ಕೆ ವಾಲಿತು. "ಮಾಮ, ಎಷ್ಟು ಟೈಟ್ ಮಾಡಿದ್ರೂ ನಿಲ್ತಾ ಇಲ್ವಲ್ಲ?" ನಿಲ್ಲೋದು ಹೇಗೆ, ಪುಸ್ತಕದಲ್ಲಿ ಆ ಮೂಲೆಗೆ ತೋರಿಸಿರೋದೇ ಒಂದು ಬೋಲ್ಟು. ಒಂದೇ ಬೋಲ್ಟು ಹಾಕಿದ ಜಾಗ ತಿರುಗೋಕೆ ಅಂತಲೇ ಇರೋದು, ಬಿಗಿ ಮಾಡಿ ಅದನ್ನ ನಿಲ್ಲಿಸೋಕೆ ಹೋದರೆ ತ್ರೆಡ್ ಹೋಗುತ್ತೆ ಅಷ್ಟೆ. ಅಲುಗಬಾರದ ಮೂಲೆಗೆ ಎರಡು ಬೋಲ್ಟು ಹಾಕಿ, ಇಲ್ಲಾ ಅಡ್ಡ ಪಟ್ಟಿ ಕೊಟ್ಟು ತ್ರಿಕೋನ ಮಾಡಿ. ನೇರ ಮೂಲೆಯೇ ಬೇಕಾದ್ರೆ 3-4-5ರ ಲೆಕ್ಕ: 4 ತೂತಿನದು, 5 ತೂತಿನದು, ಓರೆಗೆ 6 ತೂತಿನ ಪಟ್ಟಿ, ಮೂರನ್ನೂ ತುದಿಗೆ ತುದಿ ಸೇರಿಸಿ. ತೂತು ಎಣಿಸಬೇಡಿ, ನಡುವಿನ ಅಂತರ ಎಣಿಸಿ, ಆಗ 3, 4, 5 ಸಿಗುತ್ತೆ. ಮೂಲೆಮಟ್ಟ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಸೆಟ್‌ನಲ್ಲಿ ಈ ಮೂರೂ ಅಳತೆ ಇವೆ, ಪುಸ್ತಕದಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ. ಕೊಡಬೇಕಾದ್ದನ್ನ ಬಿಟ್ಟು ಹಿಂದಿನ ಪುಟದಲ್ಲಿ ಸ್ಟಿಕ್ಕರ್ ಕೊಟ್ಟಿದ್ದಾರೆ.

ತಿರುಗಬೇಕಾದ ಕೀಲಿನ ಕೆಲಸ ಇನ್ನೂ ನಾಜೂಕು. ಬೋಲ್ಟು ತೂರಿಸಿ, ಎರಡು ಪಟ್ಟಿಯ ನಡುವೆ ಒಂದು ವಾಷರ್ ಇಡಿ. ಮೊದಲ ನಟ್ಟನ್ನ ಪಟ್ಟಿಗೆ ತಾಗೋವರೆಗೆ ತಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ. ಅದನ್ನ ಹಾಗೇ ಹಿಡ್ಕೊಂಡು ಮೇಲಿಂದ ಇನ್ನೊಂದು ನಟ್ಟು ತಂದು ಒತ್ತಿಸಿ ಬಿಗಿ ಮಾಡಿ. ಎರಡು ನಟ್ಟೂ ಒಂದನ್ನೊಂದು ಹಿಡ್ಕೊಳ್ತವೆ, ಪಟ್ಟಿ ಹಗುರಾಗಿ ತಿರುಗುತ್ತೆ, ಬಿಚ್ಚಿಕೊಳ್ಳಲ್ಲ. ಇದಕ್ಕೆ ಎರಡು ಸ್ಪ್ಯಾನರ್ ಬೇಕು, ಡಬ್ಬಿಯಲ್ಲಿರೋದು ಒಂದು.

ತೋಳು ಭಾರ ಎತ್ತಬೇಕು ಅಂದ್ರೆ ಇಷ್ಟೂ ಸಾಲದು. ಪಟ್ಟಿಯನ್ನ ಬೋಲ್ಟಿನ ಒಂದೇ ಪಕ್ಕಕ್ಕೆ ನೇತುಹಾಕಿದರೆ ಬೋಲ್ಟು ಓರೆ ಎಳೆಯುತ್ತೆ. ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟೋ ಜಾಗ ನೋಡಿ: ಎರಡು ಪ್ಲೇಟಿನ ನಡುವೆ ಕಣ್ಣು, ಮೂರಕ್ಕೂ ಸೇರಿ ಒಂದು ಪಿನ್ನು. ಇಲ್ಲೂ ಹಾಗೇ, ತೋಳಿನ ಎರಡೂ ಕಡೆ ಪಟ್ಟಿ ಕೊಟ್ಟು ನಡುವೆ ಕೂರಿಸಿದೆವು. ಆಮೇಲೆ ಆ ಕ್ರೇನ್ ಅರ್ಧ ಕಿಲೋ ಕಾಫಿಪುಡಿ ಪೊಟ್ಟಣ ಎತ್ತಿತು, ವಾಲಲಿಲ್ಲ.

ಗಾಲಿಗಳು ಸುಮಾರು. ಗಾಲಿ ಕೂರೋ ಕಡ್ಡಿ ದುಂಡಗಿರೋದ್ರಿಂದ, ಗಾಲಿಯನ್ನ ಹಿಡಿದಿಡೋ ಬಳೆಯ (ಕಾಲರ್) ಸ್ಕ್ರೂ ಜಾರುತ್ತೆ. ಸ್ಕ್ರೂ ಕೂರೋ ಜಾಗದಲ್ಲಿ ಅರದಿಂದ ಎರಡು ಸಲ ಎಳೆದು ಚಪ್ಪಟೆ ಮಾಡಿಕೊಟ್ಟರೆ ಮುಗೀತು.

ಇದರ ಬದಲು ಲೆಗೊ ಟೆಕ್ನಿಕ್, ಅಂದ್ರೆ ಪ್ಲಾಸ್ಟಿಕ್ ಇಟ್ಟಿಗೆ, ತೂತಿನ ಪಟ್ಟಿ, ಪಿನ್ನುಗಳ ಸೆಟ್, ತಗೋಬಹುದಾ ಅಂತ ಅಕ್ಕ ಕೇಳಿದಳು. 1977ರಿಂದ ಇರೋ ಸರಕು ಅದು, ಅಳತೆಯ ಕರಾರುವಾಕ್ಕಿಗೆ ಕೈ ಮುಗೀಬೇಕು. ಅದರ ಕಡ್ಡಿ ಕೂಡಿಸೋ ಚಿಹ್ನೆಯ ಆಕಾರದ್ದು, ಗಾಲಿ ಜಾರೋ ಮಾತೇ ಇಲ್ಲ. ಕಪ್ಪು ಪಿನ್ನು ಬಿಗಿಯಾಗಿ ಹಿಡಿಯುತ್ತೆ, ಬೂದು ಪಿನ್ನು ಸಲೀಸಾಗಿ ತಿರುಗುತ್ತೆ. ತೂತುಗಳ ಅಂತರ 8 ಮಿಲಿಮೀಟರ್, ಇಟ್ಟಿಗೆ ಎತ್ತರ 9.6, ಹಾಗಾಗಿ ಸುಮ್ಮನೆ ಒಂದರ ಮೇಲೊಂದು ಪೇರಿಸಿದರೆ ನಿಂತ ಪಟ್ಟಿಗೆ ತೂತು ಕೂಡಲ್ಲ. ನಡುವೆ 3.2ರ ತೆಳು ಪ್ಲೇಟ್ ಎರಡು ಇಟ್ಟರೆ 16 ಆಗಿ ಸರಿಹೋಗುತ್ತೆ. ಆಗ ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಕೊಟ್ಟರೆ ಇಟ್ಟಿಗೆ ಎದ್ದುಬರೋದೇ ಇಲ್ಲ. ಎಲ್ಲಾ ಸರಿ, ಆ ದುಡ್ಡಲ್ಲಿ ಈ ಡಬ್ಬಿ ಮೂರ್ನಾಲ್ಕು ಬರುತ್ತೆ. ಅಲ್ಲದೆ ಸ್ಪ್ಯಾನರ್ ಹಿಡಿಯೋ ಅಭ್ಯಾಸ ಲೆಗೊದಲ್ಲಿ ಆಗಲ್ಲ, ನನಗೆ ಅದು ಮುಖ್ಯ.

ತಗೊಳ್ಳೋರು ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ಎರಡು ನಟ್ಟು ಕೈಯಲ್ಲಿ ತಿರುಗಿಸಿ ನೋಡಿ. ನನ್ನ ಸೆಟ್‌ಗೆ 4 ಎಂಎಂ ನಟ್ಟು ಕೂರುತ್ತೆ. ಹಾರ್ಡ್‌ವೇರ್ ಅಂಗಡಿಯಿಂದ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರೋದು, ತಾನಾಗೇ ಸಡಿಲಾಗಲ್ಲ), ವಾಷರ್, 7 ಎಂಎಂ ಸ್ಪ್ಯಾನರ್ ಎರಡು ತಂದುಕೊಟ್ಟೆ. ಮನೆ ಅಟ್ಟದಲ್ಲಿ ಹಳೇ ಮೆಕ್ಯಾನೋ ಇರೋರು ಈ ನಟ್ಟು ಹಾಕೋಕೆ ಹೋಗಬೇಡಿ, ಅದರದ್ದು 5/32 ಇಂಚಿನ ವಿಟ್‌ವರ್ತ್ ತ್ರೆಡ್, ಅಂದ್ರೆ ಹಳೇ ಬ್ರಿಟಿಷ್ ಅಳತೆಯದ್ದು, ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತೆ. ನಮ್ಮೂರ ಮಳೆಗಾಲಕ್ಕೆ ಬೋಲ್ಟಿಗೆಲ್ಲ ಹೊಲಿಗೆ ಮೆಷಿನ್ ಎಣ್ಣೆ ಸವರಿಡಿ. ಬಾಯಿಗೆ ಹಾಕೋ ವಯಸ್ಸಿನ ಮಗು ಇರೋ ಮನೆಗೆ ಈ ಸೆಟ್ ಬೇಡವೇ ಬೇಡ.