ನೀರಿನ ಇಂಟರ್‌ಕೂಲರ್: ಕೋರ್ ಟೆಸ್ಟ್ ಮಾಡದೆ ಗಾಡಿಗೆ ಹಾಕಿಸಬೇಡಿ

ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬೋ ಯಂತ್ರ) ಇರೋ ಗಾಡಿಗೆ ನೀರಿನ ಇಂಟರ್‌ಕೂಲರ್, ಅಂದ್ರೆ ಆ ಗಾಳಿಯನ್ನು ನೀರಿನಿಂದ ತಣಿಸೋ ವ್ಯವಸ್ಥೆ, ಹಾಕಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಟರ್‌ಕೂಲರ್‌ನ ನೀರು ಸಿಲಿಂಡರ್ ಒಳಗೆ ಇಳಿದು ನನ್ನ ಎಂಜಿನ್‌ನ ಒಂದು ಕನೆಕ್ಟಿಂಗ್ ರಾಡ್ (ಪಿಸ್ಟನ್‌ಗೆ ಜೋಡಿಸಿರೋ ರಾಡ್) ಬಗ್ಗಿ ಹೋಗಿದೆ. ಬೂಸ್ಟ್ (ಟರ್ಬೊ ಕೊಡೋ ಗಾಳಿಯ ಒತ್ತಡ) ಜಾಸ್ತಿ ಇರಲಿಲ್ಲ, ಟ್ಯೂನಿಂಗ್ ಸರಿಯಾಗೇ ಇತ್ತು, ಗಾಡಿ ಓಡುತ್ತಲೂ ಇರಲಿಲ್ಲ. ರಾತ್ರಿಯಿಡೀ ನಿಂತಿದ್ದ ಗಾಡಿಗೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಆಗಿದ್ದು ಇದು. ಕೆಲಸ ಮಾಡಿದ ಗ್ಯಾರೇಜ್‌ನ ಹೆಸರು ಹೇಳೋದಿಲ್ಲ. ಅವರು ಏನೇನು ಮಾಡದೆ ಬಿಟ್ಟರು ಅನ್ನೋದು ನಿಮಗೆ ಗೊತ್ತಾದರೆ ಸಾಕು, ಯಾಕಂದ್ರೆ ಇದೇ ಥರ ಕೆಲಸ ಮಾಡುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. 30 ಡಿಗ್ರಿ ಇರೋ ಗಾಳಿಯನ್ನು ಟರ್ಬೊ 1 ಬಾರ್ ಬೂಸ್ಟ್‌ಗೆ ಒತ್ತಿದರೆ ಅದು 120 ಡಿಗ್ರಿ ಆಸುಪಾಸಿಗೆ ಏರುತ್ತದೆ. ಅಷ್ಟು ಬಿಸಿ ಗಾಳಿ ಹಾಗೇ ಒಳಗೆ ಹೋದರೆ ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋದು) ಶುರುವಾಗುತ್ತದೆ, ಪವರ್ರೂ ಹೋಗುತ್ತದೆ. ಬಂಪರ್‌ವರೆಗೆ ಉದ್ದ ಪೈಪ್ ಎಳೆದು ಹೊರಗಿನ ಗಾಳಿಯಿಂದಲೇ ತಣಿಸೋದು ಒಂದು ದಾರಿ. ಇನ್ನೊಂದು ದಾರಿ ಅಂದ್ರೆ ಎಂಜಿನ್ ಪಕ್ಕದಲ್ಲೇ ಒಂದು ಸಣ್ಣ ಕೋರ್ (ಗಾಳಿಯೂ ನೀರೂ ಬೇರೆ ಬೇರೆ ದಾರಿಯಲ್ಲಿ ಹರಿದು ಗಾಳಿಯ ಶಾಖ ನೀರಿಗೆ ಹೋಗೋ ಡಬ್ಬಿ) ಇಟ್ಟು, ಅದರಲ್ಲಿ ನೀರು ಹರಿಸಿ, ಆ ನೀರನ್ನು ಮುಂದೆ ಬೇರೆ ಒಂದು ಚಿಕ್ಕ ರೇಡಿಯೇಟರ್‌ನಲ್ಲಿ ತಣಿಸೋದು. ಪೈಪ್ ಗಿಡ್ಡ ಇರೋದರಿಂದ ಆಕ್ಸಲರೇಟರ್ ಒತ್ತಿದ ಕೂಡಲೇ ಗಾಡಿ ಎಳೆಯುತ್ತದೆ. 1991ರ ಜಿಎಂಸಿ ಸೈಕ್ಲೋನ್ ಪಿಕಪ್‌ನಲ್ಲೇ ಇದು ಕಂಪನಿಯಿಂದ ಬಂದಿತ್ತು. ಬಿಎಂಡಬ್ಲ್ಯು ಎಸ್55 ಎಂಜಿನ್‌ನಲ್ಲಿದೆ. ಫೋಕ್ಸ್‌ವ್ಯಾಗನ್ ಅಂತೂ ತನ್ನ ಸಿಂಗಲ್ ಟರ್ಬೊ 1.4 ಟಿಎಸ್‌ಐಯಲ್ಲಿ ಕೋರನ್ನು ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಭಾಗ) ಒಳಗೇ ಕೂರಿಸಿಬಿಟ್ಟಿದೆ. ತೊಂದರೆ ಬರೋದು ಹೊರಗಿನ ಕಿಟ್ ತಂದು, ಟೆಸ್ಟ್ ಇಲ್ಲದೆ, ಜಾಗ ಸಿಕ್ಕಲ್ಲಿ ಬೋಲ್ಟ್ ಹಾಕಿ ಕಳಿಸಿದಾಗ.

ಮೊದಲು ಕೆಟ್ಟಿದ್ದು ನೀರಿನ ಹರಿವು. ಹಾಕಿಸಿದ ಹೊಸದರಲ್ಲಿ ಗಾಡಿ ಸೊಗಸಾಗಿತ್ತು. ಸ್ವಲ್ಪ ದಿನ ಆದ ಮೇಲೆ ಮೊದಲ ಸಲ ಒತ್ತಿದಾಗ ಮಾತ್ರ ಪೂರ್ತಿ ಪವರ್, ಹಾಗೇ ಇನ್ನೂ ಒಂದೆರಡು ಸಲ ಎಳೆದರೆ ಸತ್ತ ಹಾಗೆ ಆಗೋದು. ಗ್ಯಾರೇಜ್‌ನವರು ಟ್ಯೂನಿಂಗ್ ಸರಿ ಇಲ್ಲ ಅಂದರು, ಟ್ಯೂನ್ ಮಾಡಿದವರು ಪೆಟ್ರೋಲ್ ಸರಿ ಇಲ್ಲ ಅಂದರು. ಲಾಗ್ (ಎಂಜಿನ್ ಕಂಪ್ಯೂಟರ್‌ನ ದಾಖಲೆ) ತೆಗೆದು ನೋಡಿದರೆ ಇಸಿಯು, ಅಂದ್ರೆ ಆ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಹೊಡೆಯೋ ಸಮಯ) ಹಿಂದಕ್ಕೆ ಎಳೀತಾ ಇತ್ತು. ನಾಕಿಂಗ್‌ನಿಂದ ಎಂಜಿನ್ ಕಾಪಾಡೋಕೆ ಅದು ಹಾಗೆ ಮಾಡುತ್ತದೆ. ಅಂದ್ರೆ ಒಳಗೆ ಹೋಗ್ತಿರೋ ಗಾಳಿ ತಣ್ಣಗಾಗ್ತಾ ಇಲ್ಲ ಅಂತ ಅನುಮಾನ ಬಂತು.

ಬಾನೆಟ್ ಎತ್ತಿ ಹೋಸ್ ಮುಟ್ಟಿ ನೋಡಿದೆ. ಕೋರ್‌ನಿಂದ ಹೊರಗೆ ಬರೋ ಜಾಗದಲ್ಲಿ ಕೈ ಇಡೋಕೆ ಆಗದಷ್ಟು ಸುಡುತ್ತಿತ್ತು. ಅದೇ ಹೋಸ್ ಒಂದು ಗೇಣು ಮುಂದೆ ತಣ್ಣಗಿತ್ತು! ನೀರು ಹರೀತಾ ಇದ್ದಿದ್ದರೆ ಹಾಗೆ ಇರೋಕೆ ಸಾಧ್ಯನೇ ಇಲ್ಲ ಅಲ್ವಾ. ಎಲ್ಲಾ ಆರಿದ ಮೇಲೆ ಇಂಟರ್‌ಕೂಲರ್ ನೀರಿನ ಟ್ಯಾಂಕ್ ಮುಚ್ಚಳ ತೆಗೆದು ಪಂಪ್ ಆನ್ ಮಾಡಿದೆ. ಪಂಪ್ ಗುಂಯ್ ಅಂತ ಓಡ್ತಾ ಇತ್ತು, ಟ್ಯಾಂಕ್‌ನಲ್ಲಿ ನೀರು ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

ಕಾರಣ ಕಣ್ಣೆದುರೇ ಇತ್ತು. ಪಂಪನ್ನು ಟ್ಯಾಂಕ್‌ಗಿಂತ ಮೇಲೆ ಕೂರಿಸಿದ್ದರು. ಈ ಕೆಲಸಕ್ಕೆ ಬಳಸೋ ಪಂಪ್‌ಗಳು ಸಾಮಾನ್ಯವಾಗಿ ತಾವೇ ನೀರು ಎಳೆದುಕೊಳ್ಳೋ ಜಾತಿಯವಲ್ಲ. ಟ್ಯಾಂಕ್‌ನಿಂದ ನೀರು ತಾನಾಗೇ ಇಳಿದು ಪಂಪ್ ತುಂಬಬೇಕು. ಮೇಲೆ ಇಟ್ಟರೆ ಅದರ ಹೊಟ್ಟೆಯಲ್ಲಿ ಗಾಳಿ ಸೇರಿಕೊಂಡು ಸುಮ್ನೆ ಗಾಳಿಯಲ್ಲೇ ತಿರುಗುತ್ತದೆ, ಜೊತೆಗೆ ಬೇಗ ಕೆಡುತ್ತದೆ. ಪಂಪ್ ಸರ್ಕ್ಯೂಟ್‌ನ ತೀರಾ ಕೆಳಗಿನ ಜಾಗದಲ್ಲಿರಬೇಕು, ತುಂಬಿಸೋ ಬಾಯಿ ತೀರಾ ಮೇಲಿರಬೇಕು, ನಡುವೆ ಹೋಸ್ ಎಲ್ಲೂ ಗೂನು ಬೆನ್ನಿನ ಥರ ಎದ್ದಿರಬಾರದು. ಇಷ್ಟು ಗೊತ್ತಿಲ್ಲದವರು ಇದಕ್ಕೆ ಕೈ ಹಾಕಲೇಬಾರದು.

ಹರಿವು ಎಷ್ಟು ಮುಖ್ಯ ಅನ್ನೋದಕ್ಕೆ ಲೆಕ್ಕ ನೋಡಿ. 400 ಎಚ್‌ಪಿ ಪೆಟ್ರೋಲ್ ಎಂಜಿನ್ ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಸುಮಾರು 0.3 ಕೆಜಿ ಗಾಳಿ ಎಳೆಯುತ್ತದೆ. ಆ ಗಾಳಿಯನ್ನು 80 ಡಿಗ್ರಿ ಇಳಿಸಬೇಕು ಅಂದ್ರೆ ಸುಮಾರು 24 ಕಿಲೋವ್ಯಾಟ್ ಶಾಖ ನೀರಿಗೆ ಹೋಗಬೇಕು. ನಿಮಿಷಕ್ಕೆ 20 ಲೀಟರ್ ಹರಿದರೆ ಕೋರ್ ದಾಟುವಷ್ಟರಲ್ಲಿ ನೀರು 17 ಡಿಗ್ರಿ ಬಿಸಿಯಾಗುತ್ತದೆ, ಪರವಾಗಿಲ್ಲ. ಅದೇ 5 ಲೀಟರ್ ಆದರೆ ಹೆಚ್ಚುಕಡಿಮೆ 70 ಡಿಗ್ರಿ ಏರಬೇಕಾಗುತ್ತದೆ, ಆ ಮಟ್ಟಕ್ಕೆ ಬಂದರೆ ಇಂಟರ್‌ಕೂಲರ್ ಇದ್ದೂ ಇಲ್ಲದ ಹಾಗೆ. ಪಂಪ್ ಡಬ್ಬಿ ಮೇಲೆ ಬರೆದಿರೋ ಲೀಟರ್ ಲೆಕ್ಕ ಸಾಮಾನ್ಯವಾಗಿ ಮುಂದೆ ಏನೂ ತಡೆ ಇಲ್ಲದಾಗಿನದು. ಕೋರ್, ರೇಡಿಯೇಟರ್, ತಿರುವು ತಿರುವಿಗೆ ಹಾಕಿರೋ ಎಲ್ಬೋ ಎಲ್ಲಾ ಸೇರಿದ ಮೇಲೆ ಸಿಗೋದು ಅದಕ್ಕಿಂತ ತುಂಬಾ ಕಡಿಮೆ. ವಾಪಸ್ ಬರೋ ಹೋಸನ್ನು ಒಂದು ಬಕೆಟ್‌ಗೆ ಬಿಟ್ಟು, ಟ್ಯಾಂಕ್ ಖಾಲಿಯಾಗದ ಹಾಗೆ ಮೇಲಿಂದ ನೀರು ಹಾಕ್ತಾ, ವಾಚ್ ಹಿಡಿದು ಅಳೆದರೆ ನಿಜ ಗೊತ್ತಾಗುತ್ತದೆ.

ತುಂಬಾ ಜಗಳ ಆದ ಮೇಲೆ ಪಂಪ್ ಕೆಳಗೆ ಬಂತು. ಗಾಳಿಯ ಟೆಂಪರೇಚರ್ ಸರಿ ಹೋಯಿತು. ಆಮೇಲೆ ಬಂದದ್ದೇ ದೊಡ್ಡ ಪೆಟ್ಟು.

ಟ್ಯಾಂಕ್‌ನಲ್ಲಿ ನೀರು ನಿಧಾನವಾಗಿ ಕಡಿಮೆ ಆಗ್ತಾ ಬಂತು. ಕೆಳಗೆ ಒಂದು ಹನಿ ಕೂಡ ಇಲ್ಲ, ಯಾವ ಜಾಯಿಂಟ್‌ನಲ್ಲೂ ಒದ್ದೆ ಇಲ್ಲ. ಗ್ಯಾರೇಜ್‌ಗೆ ಹೇಳಿದರೆ "ಒಳಗಿದ್ದ ಗಾಳಿ ಹೊರಗೆ ಬರ್ತಾ ಇದೆ, ಮೇಲಿಂದ ಹಾಕ್ತಾ ಇರಿ" ಅಂದರು. ಹೊಸದಾಗಿ ನೀರು ತುಂಬಿಸಿದಾಗ ಸ್ವಲ್ಪ ದಿನ ಹಾಗೆ ಆಗೋದು ನಿಜ, ಅದಕ್ಕೇ ಈ ಉತ್ತರ ಇಷ್ಟು ಅಪಾಯ. ಆದರೆ ಇಳಿಯೋದು ನಿಲ್ಲಲೇ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬೇರೆ. ಕೊನೆಗೆ ಒಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಅರ್ಧ ಸುತ್ತು ತಿರುಗಿ ಧಡ್ ಅಂತ ನಿಂತಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಿಂದ ತಿರುಗಿಸಿದಾಗ ಎರಡನೇ ಸಿಲಿಂಡರ್‌ನಿಂದ ಗುಲಾಬಿ ಬಣ್ಣದ ಕೂಲೆಂಟ್ ಚಿಮ್ಮಿ ಬಾನೆಟ್‌ಗೆ ಹೊಡೆಯಿತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗೋದಿಲ್ಲ. ಪಿಸ್ಟನ್ ಮೇಲೆ ಬರುವಾಗ ನೀರಿಗೆ ಜಾಗ ಇಲ್ಲದಿದ್ದರೆ ಬಗ್ಗೋದು ರಾಡ್.

ಕೋರ್ ಬಿಚ್ಚಿ, ನೀರಿನ ಕಡೆಯ ಎರಡೂ ಬಾಯಿ ಮುಚ್ಚಿ, ಒಂದರಿಂದ 1 ಬಾರ್ ಗಾಳಿ ಕೊಟ್ಟು ತೊಟ್ಟಿಯಲ್ಲಿ ಮುಳುಗಿಸಿದೆವು. ಎಂಡ್ ಟ್ಯಾಂಕ್ (ಕೋರ್‌ನ ತುದಿಯ ಡಬ್ಬಿ) ವೆಲ್ಡ್ ಆಗಿರೋ ಒಂದು ಮೂಲೆಯಿಂದ, ಗಾಳಿ ಹೋಗೋ ಬದಿಯೊಳಗೆ, ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಬರ್ತಾ ಇದ್ದವು. ಸೂಜಿ ಮೊನೆಯಷ್ಟು ತೂತು, ಕಣ್ಣಿಗೆ ಕಾಣೋದೂ ಇಲ್ಲ. ಗಾಡಿ ಓಡುವಾಗ ಬೂಸ್ಟ್ ಆ ತೂತಿನಿಂದ ನೀರಿನ ಕಡೆಗೆ ನುಗ್ಗಿ ಟ್ಯಾಂಕ್‌ನಲ್ಲಿ ಒತ್ತಡ ಕಟ್ಟುತ್ತಿತ್ತು. ಮುಚ್ಚಳ ಬಿಗಿ ಇದ್ದದ್ದರಿಂದ ಗಾಡಿ ನಿಲ್ಲಿಸಿದ ಮೇಲೂ ಆ ಒತ್ತಡ ಹಾಗೇ ಉಳಿದು, ಈಗ ಎದುರಿಗೆ ಬೂಸ್ಟ್ ಇಲ್ಲ ನೋಡಿ, ಅದೇ ತೂತಿನಿಂದ ನೀರನ್ನು ವಾಪಸ್ ಗಾಳಿಯ ಬದಿಗೆ ತಳ್ಳುತ್ತಿತ್ತು. ನನ್ನ ಗಾಡಿಯಲ್ಲಿ ಕೋರ್ ಇದ್ದದ್ದು ಥ್ರಾಟಲ್‌ಗಿಂತ (ಎಂಜಿನ್‌ಗೆ ಗಾಳಿ ಬಿಡೋ ಕವಾಟ) ಎತ್ತರದಲ್ಲಿ. ರಾತ್ರಿಯೆಲ್ಲಾ ಇಳಿದ ನೀರು ಪೈಪ್‌ನಲ್ಲಿ ಥ್ರಾಟಲ್ ಮುಂದೆ ನಿಂತು, ಸೆಲ್ಫ್ ಹೊಡೆದಾಗ ಒಳಗೆ ಹೋಗುತ್ತಿತ್ತು. ಬಿಳಿ ಹೊಗೆ ಬರ್ತಿದ್ದ ದಿನಗಳಲ್ಲೆಲ್ಲಾ ಸ್ವಲ್ಪ ಸ್ವಲ್ಪ ನುಂಗಿತ್ತು, ಆ ದಿನ ಜಾಸ್ತಿ ಇತ್ತು.

ತೊಟ್ಟಿಯಲ್ಲಿ ಮುಳುಗಿಸೋ ಈ ಟೆಸ್ಟ್‌ಗೆ ಅರ್ಧ ಗಂಟೆ ಸಾಕು. ಹಾಕೋದಕ್ಕೆ ಮೊದಲು ಮಾಡಿದ್ದರೆ ಎಂಜಿನ್ ಉಳೀತಿತ್ತು. ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಕೋರ್ ಯಾವ ಕಂಪನಿಯದ್ದೇ ಆಗಿರಲಿ, ಎಷ್ಟೇ ದುಬಾರಿಯದ್ದಾಗಿರಲಿ, ನಿಮ್ಮ ಕಣ್ಣೆದುರು ಟೆಸ್ಟ್ ಮಾಡಿಸಿ. ಮಾಡಲ್ಲ ಅಂದ್ರೆ ಕೋರ್ ಎತ್ತಿಕೊಂಡು ವಾಪಸ್ ಬನ್ನಿ.

ಕೋರ್ ದಾಟಿ ಬರೋ ಗಾಳಿಯ ಟೆಂಪರೇಚರ್ ಅಳೆಯೋ ಸೆನ್ಸರ್ ಇರಲೇಬೇಕು, ಅದು ಇಸಿಯುಗೆ ಸೇರಿರಬೇಕು, ಒಂದು ಮಟ್ಟ ದಾಟಿದರೆ ಬೂಸ್ಟ್ ಇಳಿಸೋ ಹಾಗೆ ಸೆಟ್ ಆಗಿರಬೇಕು. ಪಂಪ್ ನಿಂತರೆ ನಿಮಗೆ ಕೇಳಿಸೋದಿಲ್ಲ, ಎಂಜಿನ್ ಟೆಂಪರೇಚರ್ ಮುಳ್ಳೂ ಏರೋದಿಲ್ಲ, ಯಾಕಂದ್ರೆ ಇದು ಬೇರೆಯೇ ಸರ್ಕ್ಯೂಟ್. ಪಂಪ್‌ಗೆ ಅದರದೇ ರಿಲೇ, ಅದರದೇ ಫ್ಯೂಸ್ ಹಾಕಿಸಿ. ಎಂಜಿನ್ ರೇಡಿಯೇಟರ್ ನೀರನ್ನೇ ಇದಕ್ಕೂ ಕೊಡೋಣ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಆ ನೀರೇ 90 ಡಿಗ್ರಿ ಇರುತ್ತದೆ. ಮುಂದಿನ ಚಿಕ್ಕ ರೇಡಿಯೇಟರ್‌ಗೆ ತಾಜಾ ಗಾಳಿ ಸಿಗಬೇಕು, ಎಸಿ ಕಂಡೆನ್ಸರ್ ಹಿಂದೆ ತುರುಕಿದರೆ ಅದಕ್ಕೆ ಬರೋದು ಆಗಲೇ ಬಿಸಿಯಾದ ಗಾಳಿ. ಬರೀ ನಲ್ಲಿ ನೀರು ಹಾಕಬೇಡಿ, ಅಲ್ಯೂಮಿನಿಯಂ ಒಳಗಿಂದ ತಿಂದು ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ ತುಕ್ಕು ತಡೆಯೋ ಕೂಲೆಂಟ್ ಇರಲಿ. ಆದರೆ ಹೆಪ್ಪುಗಟ್ಟೋ ಚಳಿ ಇಲ್ಲದ ಕಡೆ ಅರ್ಧಕ್ಕರ್ಧ ಗ್ಲೈಕಾಲ್ (ನೀರು ಹೆಪ್ಪುಗಟ್ಟದ ಹಾಗೆ ತಡೆಯೋ ದ್ರವ) ಬೇಕಾಗಿಲ್ಲ, ಅದು ಜಾಸ್ತಿ ಆದಷ್ಟೂ ನೀರು ಶಾಖ ಹೊರೋದು ಕಡಿಮೆ ಆಗುತ್ತದೆ.

ಆಗಲೇ ಹಾಕಿಸಿ ಓಡಿಸ್ತಾ ಇರುವವರು ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಇವತ್ತಿನ ಮಟ್ಟಕ್ಕೆ ಗೆರೆ ಹಾಕಿ. ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡೋದಕ್ಕೆ ಮುಂಚೆ ನೋಡಿ. ಹೊರಗೆ ಎಲ್ಲೂ ಸೋರದೆ ಗೆರೆಯಿಂದ ಕೆಳಗೆ ಇಳೀತಾ ಇದ್ದರೆ, ಅಥವಾ ರಾತ್ರಿಯಿಡೀ ತಣ್ಣಗಾದ ಮೇಲೂ ಮುಚ್ಚಳ ತಿರುಗಿಸಿದಾಗ ಬುಸ್ ಅಂತ ಒತ್ತಡ ಹೊರಗೆ ಬಂದರೆ, ಸೆಲ್ಫ್ ಹೊಡೆಯಬೇಡಿ. ಥ್ರಾಟಲ್ ಮುಂದಿನ ಪೈಪ್ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿ. ಒದ್ದೆ ಇದ್ದರೆ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲಾ ತೆಗೆದು ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಗೆ ಹಾಕಿ, ಕೋರ್ ಬಿಚ್ಚಿ ತೊಟ್ಟಿಗೆ ಒಯ್ಯಿರಿ.